ಮಗ ಹೋದ ಊರಿನ ಹೆಸರೇನು?

"ಇವನ್ ಮಾತ್ ಕೇಳ್ತೀರೇನ್ರವ್ವ? ಎಮ್ಮೆಗ್ ನೀರ್ ಕುಡ್ಸಕ್ ಬರ್ದವ್ನು ಗಲ್ಫ್‌ಗ್ ಓಗಿದ್ದ. ಅವ್ವನ್ ಸೆರಗ್ ಬುಟ್ಟಿರಕ್ಕಾಗ್ದೆ ಅಳ್ತಾ ಓಡ್ಬಂದವ್ನೆ."

ಏಜೆಂಟ್ ರಘು ಹೀಗೆ ಅಂದದ್ದು ನಮ್ಮೂರಿನ ಅಂಬೇಡ್ಕರ್ ಭವನದಲ್ಲಿ, ಒಂದು ಭಾನುವಾರ, ಸ್ವಸಹಾಯ ಸಂಘದ ಹೆಂಗಸರೆಲ್ಲ ಸೇರಿದ್ದಾಗ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಬೆರಳು ತೋರಿಸಿಯೇ ಅಂದ. ಹೆಂಗಸರು ನಕ್ಕರು. ನನ್ನ ಅವ್ವ ಆ ಸಾಲಿನಲ್ಲೇ ಕೂತಿದ್ದಳು. ಅವಳು ನಗಲಿಲ್ಲ. ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತಿದ್ದಳು.

ನಾನು ನಾಗೇಂದ್ರ. ನಮ್ಮದು ಬದನವಾಳಿನ ಪಕ್ಕದ ಊರು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಗಲ್ಫ್ ದೇಶವೊಂದರಲ್ಲಿ ಹದಿನಾಲ್ಕು ತಿಂಗಳಿದ್ದು, ಹೋದ ವರ್ಷ ವಾಪಸ್ ಬಂದೆ. ನನ್ನನ್ನು ಕಳಿಸಿದ್ದು ಇದೇ ರಘು. ಟಿ. ನರಸೀಪುರದಲ್ಲಿ ಅವನದೊಂದು ಆಫೀಸಿದೆ. ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ವಿಮಾನದ ಚಿತ್ರ. ಅಷ್ಟೇ ಆಫೀಸು.

ಆ ದಿನ ಅವನು ಸಂಘಕ್ಕೆ ಬಂದಿದ್ದು ರಾಜುವಿನ ಹೆಸರು ಹೇಳಿಕೊಂಡು ಇನ್ನೂ ಒಂದಷ್ಟು ಹುಡುಗರನ್ನು ಹೊರಡಿಸಲು. ರಾಜು ನಮ್ಮ ಪಕ್ಕದ ಮನೆಯ, ನಾನು ದೊಡ್ಡಪ್ಪ, ದೊಡ್ಡವ್ವ ಎಂದು ಕರೆಯುವ ಚಲುವಯ್ಯ, ಮಂಚಮ್ಮನ ಒಬ್ಬನೇ ಮಗ. ಹತ್ತನೇ ಕ್ಲಾಸು ಫೇಲು. ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಗುತ್ತಿಗೆಯ ಮೇಲೆ ಮೂಟೆ ಹೊರುತ್ತಾನೆ. ಗುರುವಾರ ಅವನಿಗೆ ಬೆಂಗಳೂರಿನಿಂದ ವಿಮಾನ. ಪಾಸ್‌ಪೋರ್ಟು ಆಗಲೇ ರಘುವಿನ ಕೈ ಸೇರಿತ್ತು. ಉಳಿದಿದ್ದು ನಾಲ್ಕೇ ದಿನ. ಅಷ್ಟರೊಳಗೆ ತಡೆಯದಿದ್ದರೆ ನಾನು ಕಂಡದ್ದನ್ನೇ ಇವನೂ ಕಾಣುತ್ತಾನೆ ಅನ್ನುವುದು ನನಗೆ ಗೊತ್ತಿತ್ತು. ಅದಕ್ಕೇ ಬಾಗಿಲಲ್ಲಿ ನಿಂತು ಯಾವ ವೀಸಾ, ಯಾವ ಕಂಪನಿ ಎಂದು ಕೇಳಿದ್ದೆ. ಅದಕ್ಕೆ ಸಿಕ್ಕ ಉತ್ತರ ಎಮ್ಮೆಯದು, ಸೆರಗಿನದು.

ಅದು ಸಾಲದೆಂದು ರಘು ಫೋನು ತೆಗೆದು ಎಲ್ಲರಿಗೂ ಒಂದು ಫೋಟೊ ತೋರಿಸಿದ. ಬಿಳಿ ಕಾರಿಗೆ ಒರಗಿ, ಕಪ್ಪು ಕನ್ನಡಕ ಹಾಕಿಕೊಂಡು ನಿಂತಿರುವ ನಾನು. ಆ ದೇಶಕ್ಕೆ ಇಳಿದ ಎರಡನೇ ದಿನ ನಾನೇ ಸ್ಟೇಟಸ್‌ಗೆ ಹಾಕಿದ್ದ ಫೋಟೊ ಅದು. ಕಾರು ಯಾರದೋ. ಕನ್ನಡಕ ಫೋಟೊ ತೆಗೆದವನದು. ಮಂಚಮ್ಮ ದೊಡ್ಡವ್ವ ಫೋನನ್ನು ಕೈಗೆ ತಗೊಂಡು ಬಹಳ ಹೊತ್ತು ನೋಡಿದಳು.

"ನೀನ್ ಕಾರ್ ಪಕ್ಕ ನಿಂತ್ಕಂಡ್ ಮೆರಿಬೌದು. ನನ್ ಮಗ ಮೆರುದ್ರೆ ನಿಂಗ್ ಒಟ್ಟೆ ಉರಿನಾ ನಾಗೇಂದ್ರ?" ಅಂದಳು.

ರಾಜು ಮೂಲೆಯಲ್ಲಿ ನಿಂತು ನಗುತ್ತಿದ್ದ. ನನಗೆ ಹೊಡೆಯಬೇಕು ಅನ್ನಿಸಿತು, ಯಾರನ್ನು ಅಂತ ತಿಳಿಯಲಿಲ್ಲ.

ಮಾರನೆಯ ದಿನ ಪಂಚಾಯಿತಿ ಲೈಬ್ರರಿಗೆ ಹೋದೆ. ಅದನ್ನು ನೋಡಿಕೊಳ್ಳುವವಳು ಯಶೋಧರಕ್ಕ. ಊರಿನ ಅರ್ಜಿ, ಪಿಂಚಣಿ, ಆಧಾರ್ ತಿದ್ದುಪಡಿ ಎಲ್ಲವೂ ಅವಳ ಮುಂದಿರುವ ಕಂಪ್ಯೂಟರಿನ ಮೂಲಕವೇ ನಡೆಯುತ್ತವೆ. ಭಾನುವಾರ ನಡೆದದ್ದನ್ನು ಹೇಳಿದೆ. ಅವಳು ರಘುವಿನ ಆಫೀಸಿನ ಹೆಸರು ಕೇಳಿ, ಇ-ಮೈಗ್ರೇಟ್ ಎಂಬ ಸರ್ಕಾರದ ವೆಬ್‌ಸೈಟಿನಲ್ಲಿ ಹುಡುಕಿದಳು. ಹೊರದೇಶಕ್ಕೆ ಕೆಲಸಗಾರರನ್ನು ಕಳಿಸುವ ಪ್ರತಿ ಏಜೆಂಟನಿಗೂ ಲೈಸೆನ್ಸ್ ನಂಬರ್ ಇರಬೇಕು, ಅದು ಅಲ್ಲಿ ಸಿಗಬೇಕು ಅಂದಳು. ಹೆಸರನ್ನು ಮೂರು ರೀತಿ ಬರೆದು ಹುಡುಕಿದರೂ ರಘುವಿನ ಆಫೀಸು ಆ ಪಟ್ಟಿಯಲ್ಲಿ ಇರಲಿಲ್ಲ.

ಆಮೇಲೆ ಇನ್ನೊಂದು ವಿಷಯ ಬಿಡಿಸಿ ಹೇಳಿದಳು. ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟಿಗೆ ಇ.ಸಿ.ಆರ್. ಎಂಬ ಗುರುತು ಬೀಳುತ್ತದಂತೆ. ಅಂಥವರು ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಮೊದಲು ಸರ್ಕಾರದ ಅನುಮತಿ ಬೇಕು. ಅನುಮತಿ ಬೇಕೆಂದರೆ ಧಣಿ ಯಾರು, ಕೆಲಸ ಯಾವುದು, ಸಂಬಳ ಎಷ್ಟು ಎಂಬ ಕರಾರುಪತ್ರ ಬೇಕು, ವಿಮೆ ಬೇಕು. ಇವು ಯಾವುದೂ ಇಲ್ಲದ ಏಜೆಂಟ್ ಏನು ಮಾಡುತ್ತಾನೆ? ನೆಂಟರನ್ನು ನೋಡಲು ಹೋಗುವ ವಿಸಿಟ್ ವೀಸಾದಲ್ಲಿ ಹತ್ತಿಸಿ ಕಳಿಸುತ್ತಾನೆ. ಹಾಗೆ ಹೋದವನು ನಮ್ಮ ಸರ್ಕಾರದ ಲೆಕ್ಕದಲ್ಲೂ ಕೆಲಸಗಾರನಲ್ಲ, ಆ ಸರ್ಕಾರದ ಲೆಕ್ಕದಲ್ಲೂ ಕೆಲಸಗಾರನಲ್ಲ.

ನನಗೆ ಆಗ ಹೊಳೆಯಿತು. ಟಿ. ನರಸೀಪುರದಿಂದ ಏರ್‌ಪೋರ್ಟಿನವರೆಗೆ ರಘು ನನಗೆ ಒಂದೇ ಮಾತನ್ನು ಬಾಯಿಪಾಠ ಮಾಡಿಸಿದ್ದ. ಕೌಂಟರಿನಲ್ಲಿ ಕೇಳಿದರೆ ಚಿಕ್ಕಪ್ಪನನ್ನು ನೋಡಲು ಹೋಗುತ್ತಿದ್ದೇನೆ ಅನ್ನು ಅಂತ. ನನ್ನ ಅಪ್ಪ ಒಬ್ಬನೇ ಮಗ. ಇಲ್ಲದ ಚಿಕ್ಕಪ್ಪನ ಹೆಸರು ಹೇಳಿ, ಒಳಗೊಳಗೇ ನಗುತ್ತಾ ವಿಮಾನ ಹತ್ತಿದ್ದೆ. ಎಷ್ಟು ಜಾಣ ನಾನು ಅಂದುಕೊಂಡಿದ್ದೆ.

"ಇದನ್ನ ಹೇಳಿದ್ರೂ ಅವರು ನಂಬಲ್ಲ ಅಕ್ಕ. ಫೋಟೊ ನೋಡವ್ರೆ," ಅಂದೆ.

"ಆ ಫೋಟೊ ರಘು ಹಾಕಿದ್ದಲ್ಲ, ನೀನ್ ಹಾಕಿದ್ದು. ಅಲ್ಲಿದ್ದಾಗ ಹದಿನಾಲ್ಕು ತಿಂಗ್ಳು ಸುಳ್ಳು ಹೇಳ್ದೆ. ಬಂದು ವರ್ಷ ಆದ್ರೂ ಬಾಯ್ ಬಿಡ್ಲಿಲ್ಲ. ಈಗ ಒಂದೇ ದಿನಕ್ಕೆ ನಂಬಿ ಅಂದ್ರೆ ಯಾರಪ್ಪ ನಂಬ್ತಾರೆ?"

ಸಿಟ್ಟು ಬಂದು ಎದ್ದೆ. ಕೂತ್ಕೋ ಅಂದಳು. ಕೂತೆ. ನಾಳೆ ಸಂಜೆ ನಾನೂ ಬರ್ತೀನಿ, ಕಾಗದದ ವಿಷಯ ನಾನು ಹೇಳ್ತೀನಿ, ಉಳಿದದ್ದು ನೀನೇ ಹೇಳಬೇಕು ಅಂದಳು.

ಮಂಗಳವಾರ ಸಂಜೆ ಚಲುವಯ್ಯ ದೊಡ್ಡಪ್ಪನ ಮನೆ ಜಗಲಿಗೆ ಹೋದೆವು. ದೊಡ್ಡಪ್ಪ ಕಬ್ಬು ಕಡಿದು ಬಂದು ಕಾಲು ತೊಳೆಯುತ್ತಿದ್ದ. ದೊಡ್ಡವ್ವ ಬದನವಾಳಿನ ಖಾದಿ ಕೇಂದ್ರದಲ್ಲಿ ನೂತು ಬಂದವಳು, ನನ್ನನ್ನು ಕಂಡು ಬಾ ಅನ್ನಲಿಲ್ಲ. ಯಶೋಧರಕ್ಕ ಲೈಸೆನ್ಸಿನ ವಿಷಯ, ವೀಸಾದ ವಿಷಯ ಎಲ್ಲವನ್ನೂ ನಿಧಾನವಾಗಿ ಹೇಳಿದಳು. ದೊಡ್ಡವ್ವ ಎಲ್ಲ ಕೇಳಿ, ಕಾಗದ ಎಲ್ಲ ಓದಿದವರಿಗೆ, ನಮಗೆ ಬೇಕಿರುವುದು ಕೆಲಸ ಅಂದಳು.

ರಾಜು ಅವಳಿಗಿಂತ ಬಿಸಿಯಾಗಿದ್ದ. "ಇಲ್ಲಿ ನಂಗೇನದೆ ಅಕ್ಕ? ಫ್ಯಾಕ್ಟ್ರಿಲಿ ಮೂರ್ ವರ್ಷದಿಂದ ಮೂಟೆ ಒರ್ತೀನಿ, ಇನ್ನೂವೆ ನನ್ ಎಸ್ರು ಗೊತ್ತಿಲ್ಲ ಅವರ್ಗೆ. ನಂಬರ್ ಕರಿತಾರೆ. ಅಲ್ಲಾರ ಮನ್ಸ ಆಯ್ತೀನಿ."

ಆ ಮಾತು ನನ್ನ ಬಾಯಿ ಬಿಡಿಸಿತು. ಯಾಕೆಂದರೆ ನಾನು ಹೊರಡುವಾಗಲೂ ಅದೇ ಮಾತು ಆಡಿದ್ದೆ.

ನಾನು ಹೇಳಿದ್ದು ಇದು. ಪಂಪ್‌ಸೆಟ್ ಆಪರೇಟರ್ ಕೆಲಸ ಅಂದಿದ್ದ ರಘು. ನಾಲೆ ಬದಿಯಲ್ಲಿ ಬೆಳೆದವನು ನಾನು, ಮೋಟರು ಗೊತ್ತು, ಸರಿ ಅಂದೆ. ಇಳಿದ ದಿನವೇ ಪಾಸ್‌ಪೋರ್ಟು ಇಸ್ಕೊಂಡರು. ಎರಡು ದಿನ ಪಟ್ಟಣದಲ್ಲಿಟ್ಟು, ಮೂರನೇ ದಿನ ಪಿಕಪ್ಪಿನ ಹಿಂದೆ ಕೂರಿಸಿ ಆರು ಗಂಟೆ ಮರಳಲ್ಲಿ ಕರೆದುಕೊಂಡು ಹೋದರು. ಅಲ್ಲೊಂದು ತೋಟ. ಸೌತೆಕಾಯಿ, ದನದ ಮೇವು. ನಾಲ್ಕು ಮೋಟರು, ಒಂದು ತಗಡಿನ ಶೆಡ್ಡು. ಬೆಳಗಿನ ಜಾವ ಮೂರೂವರೆಗೆ ಎದ್ದರೆ ಕತ್ತಲಾಗುವವರೆಗೆ ಕೆಲಸ. ಶುಕ್ರವಾರವೂ ರಜ ಇಲ್ಲ. ಸಂಬಳ ಮೂರು ತಿಂಗಳು ಬಂತು, ಆಮೇಲೆ ನಿಂತಿತು. ಕೇಳಿದರೆ ಮುಂದಿನ ತಿಂಗಳು ಅನ್ನುತ್ತಿದ್ದರು.

ಇದನ್ನೆಲ್ಲ ತಡಕೊಳ್ಳಬಹುದಿತ್ತು. ಕೂಲಿ ಮಾಡುವವರು ನಾವು, ಮೈ ನೋವು ನಮಗೆ ಹೊಸದಲ್ಲ. ತಡಕೊಳ್ಳಲಾಗದೆ ಹೋದದ್ದು ಬೇರೆ. ಆ ತೋಟದಲ್ಲಿ ನನ್ನ ಬಿಟ್ಟರೆ ಇನ್ನೊಬ್ಬನೇ ಮನುಷ್ಯ. ಬಾಂಗ್ಲಾದೇಶದ ಕರೀಂ ಭಾಯ್, ಐವತ್ತು ದಾಟಿದವನು. ಅವನ ಮಾತು ನನಗೆ ಬಾರದು, ನನ್ನದು ಅವನಿಗೆ ಬಾರದು. ಇಬ್ಬರಿಗೂ ಸೇರಿ ಇಪ್ಪತ್ತು ಹಿಂದಿ ಪದ. ಎಂಟು ದಿನಕ್ಕೊಮ್ಮೆ ಧಣಿಯ ಕಡೆಯವನು ಅಕ್ಕಿ, ಬೇಳೆ, ಈರುಳ್ಳಿ ಇಳಿಸಿ, ಗಾಡಿಯಿಂದ ಇಳಿಯದೆ ಹೋಗುತ್ತಿದ್ದ. ನನ್ನ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಒಂದು ಸಲ ನಮ್ಮೂರಿನ ಹುಡುಗನೊಬ್ಬ ವಾಟ್ಸಾಪ್ ಗ್ರೂಪಿಗೆ ಒಂದು ಆಡಿಯೊ ಹಾಕಿದ. ಊರಲ್ಲಿ ಯಾರೋ ಮುದುಕಪ್ಪ ತೀರಿಕೊಂಡಿದ್ದ, ಆಟೊದಲ್ಲಿ ಮೈಕ್ ಕಟ್ಟಿ ಸಾರುತ್ತಾರಲ್ಲ, ಅದು. ಆ ಮುದುಕಪ್ಪನ ಮುಖವೂ ನನಗೆ ನೆನಪಿಲ್ಲ. ಆದರೂ ಆ ಸಾವಿನ ಸುದ್ದಿಯನ್ನು ದಿನಾ ಕೇಳುತ್ತಿದ್ದೆ. ಅದರಲ್ಲಿ ನಮ್ಮ ಬೀದಿಗಳ ಹೆಸರಿದ್ದವು.

ಫೋನಿಗೆ ಸಿಗ್ನಲ್ ಬೇಕಾದರೆ ನೀರಿನ ಟ್ಯಾಂಕ್ ಹತ್ತಬೇಕಿತ್ತು. ಅಲ್ಲಿಂದಲೇ ಅವ್ವನಿಗೆ ವಿಡಿಯೊ ಕಾಲ್ ಮಾಡುತ್ತಿದ್ದೆ. ನನ್ನ ಹಿಂದೆ ಬರೀ ಆಕಾಶ ಕಾಣುತ್ತಿತ್ತು. ಅವ್ವ ಊರಿಗೆಲ್ಲ ನನ್ನ ಮಗ ಮಹಡಿ ಮೇಲಿದ್ದಾನೆ ಎಂದು ಹೇಳಿಕೊಂಡು ಬಂದಳು. ನಾನು ಅಲ್ಲ ಅನ್ನಲಿಲ್ಲ.

ಇಷ್ಟು ಹೇಳುವಷ್ಟರಲ್ಲಿ ನಮ್ಮ ಮನೆ ಬಾಗಿಲಲ್ಲಿ ಅವ್ವ ಬಂದು ನಿಂತದ್ದು ಕಂಡಿತು. ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಹೇಳಲು ಆಗುತ್ತಿರಲಿಲ್ಲ.

ಜೂನ್ ತಿಂಗಳ ಒಂದು ಮಧ್ಯಾಹ್ನ ಕರೀಂ ಭಾಯ್ ಮೂರನೇ ಮೋಟರಿನ ಹತ್ತಿರ ಬಿದ್ದ. ಮುಟ್ಟಿದರೆ ಮೈ ಹೆಂಚಿನ ಹಾಗೆ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ನೆರಳಿಗೆ ಎಳೆದು ನೀರು ಸುರಿದೆ. ಟ್ಯಾಂಕ್ ಹತ್ತಿ ಧಣಿಯ ಕಡೆಯವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ರಘುವಿಗೆ ಮಾಡಿದೆ. ಎತ್ತಿ, ನನ್ನ ದನಿ ಕೇಳಿ, ಇಟ್ಟ. ಆ ದೇಶದ ಆಂಬುಲೆನ್ಸ್ ನಂಬರಿಗೆ ಮಾಡಿದೆ. ಆ ಕಡೆಯ ಹೆಂಗಸು ಅರಬ್ಬಿಯಲ್ಲಿ ಕೇಳಿದಳು, ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ತಿಳಿದದ್ದು ಒಂದೇ ಪದ, ಲೊಕೇಶನ್. ಎಲ್ಲಿದ್ದೀಯ ಅಂತ. ನೆಟ್ ಖಾಲಿಯಾಗಿತ್ತು, ಕಳಿಸಲು ಆಗಲಿಲ್ಲ. ಬಾಯಲ್ಲಿ ಹೇಳೋಣ ಅಂದರೆ ನಾನಿದ್ದ ಜಾಗದ ಹೆಸರು ನನಗೆ ಗೊತ್ತಿರಲಿಲ್ಲ. ಹತ್ತು ತಿಂಗಳಾಗಿತ್ತು ಅಲ್ಲಿಗೆ ಹೋಗಿ. ಊರಿನ ಹೆಸರು ಗೊತ್ತಿರಲಿಲ್ಲ. ಧಣಿಯ ಪೂರ್ತಿ ಹೆಸರು ಗೊತ್ತಿರಲಿಲ್ಲ. ಅವಳು ಐದಾರು ಸಲ ಕೇಳಿದಳು. ನಾನು ಮೋಟರು, ಮೋಟರು ಅನ್ನುತ್ತಿದ್ದೆ. ಕೆಳಗೆ ಇಳಿದು ಬಂದಾಗ ಕರೀಂ ಭಾಯ್ ಉಸಿರು ನಿಂತಿತ್ತು.

ಮಾರನೆಯ ದಿನ ಧಣಿಯ ಕಡೆಯವರು ಬಂದು ಹೆಣವನ್ನು ಟಾರ್ಪಾಲಿನಲ್ಲಿ ಸುತ್ತಿ ಕೊಂಡೊಯ್ದರು. ನನ್ನ ಫೋನಿಗೆ ಕರೆನ್ಸಿ ಹಾಕಿಸಿ, ನಾಲ್ಕೂ ಮೋಟರು ಇನ್ನು ನೀನೇ ನೋಡ್ಕೋ ಎಂದು ಕೈಸನ್ನೆ ಮಾಡಿ ಹೋದರು.

"ಆ ಶುಕ್ರವಾರ ಅವ್ವಂಗ್ ಫೋನ್ ಮಾಡ್ದೆ ದೊಡ್ಡವ್ವ. ಉಂಡ್ಯಾ ಮಗ ಅಂದ್ಲು. ಉಂಡೆ ಅಂದೆ. ನೀನೂವೆ ಪಕ್ಕದಲ್ಲಿದ್ದೆ. ಒಳ್ಳೆ ಸಾವ್ಕಾರ್ನಂಗ್ ಆಗಿದ್ದೀಯ ಕಣ್ಲಾ ಅಂದೆ ನೀನು. ನಾನ್ ನಕ್ಕಿದ್ದೆ."

ದೊಡ್ಡವ್ವ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು.

ಆಮೇಲೆ ನಾಲ್ಕು ತಿಂಗಳು ಆ ಜಾಗದಲ್ಲಿ ಒಬ್ಬನೇ ಇದ್ದೆ. ಒಂದು ದಿನ ದಾರಿ ತಪ್ಪಿದ ಒಂದು ಡೀಸೆಲ್ ಟ್ಯಾಂಕರ್ ಬಂತು. ಡ್ರೈವರು ಮಂಜೇಶ್ವರದ ಕಡೆಯವನು. ನನ್ನ ಮುಖ ನೋಡಿ ಹಿಂದಿಯಲ್ಲಿ ಕೇಳಿ, ಆಮೇಲೆ ಕನ್ನಡದಲ್ಲಿ ಯಾವ ಊರು ಮಾರಾಯ ಅಂದ. ಉತ್ತರ ಕೊಡುವ ಬದಲು ಅವನ ಗಾಡಿಯ ಬಾಗಿಲು ಹಿಡಿದುಕೊಂಡೆ. ಅವನೇ ನನ್ನನ್ನು ಭಾರತದ ರಾಯಭಾರ ಕಚೇರಿಗೆ ತಲುಪಿಸಿದ. ಅಲ್ಲಿನವರು ವಿಚಾರಿಸಿ, ಪಾಸ್‌ಪೋರ್ಟಿನ ಬದಲು ಒಂದು ತಾತ್ಕಾಲಿಕ ಕಾಗದ ಮಾಡಿಕೊಟ್ಟು ಕಳಿಸಿದರು. ಅಂಥದೊಂದು ಕಚೇರಿ ಇದೆ, ಅಲ್ಲಿಗೆ ಫೋನ್ ಮಾಡಬಹುದು ಅನ್ನುವುದೇ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಊರಿಗೆ ಬಂದೆ. ನನ್ನನ್ನು ನೋಡಲು ಬಂದವರೆಲ್ಲ ಕೇಳಿದ್ದು ಒಂದೇ, ಅಲ್ಲಿಂದ ಏನ್ ತಂದೆ ಅಂತ. ಎಂಗಿದ್ದೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಬಾಯಿ ಮುಚ್ಚಿಕೊಂಡೆ. ಆ ಮೌನದ ಮೇಲೆ ರಘು ವ್ಯಾಪಾರ ನಡೆಸಿದ.

ಚಲುವಯ್ಯ ದೊಡ್ಡಪ್ಪ ಕೇಳಿದ.

"ಆ ಕರೀಮನ್ ಮನೆವ್ರಿಗೆ ಯಾರ್ಲಾ ಏಳುದ್ರು?"

"ಗೊತ್ತಿಲ್ಲ ದೊಡ್ಡಪ್ಪ."

"ಏಳವ್ರೋ ಇಲ್ವೋ?"

"ಅದೂ ಗೊತ್ತಿಲ್ಲ."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಒರೆಸುತ್ತಲೇ ಇದ್ದ. ಬಾಗಿಲಲ್ಲಿ ನಿಂತಿದ್ದ ನನ್ನ ಅವ್ವ ಒಳಗೆ ಹೋದಳು. ಆ ದಿನ ಅವಳು ಒಲೆ ಹಚ್ಚಲಿಲ್ಲ.

ರಾಜು ತಲೆ ಎತ್ತದೆ, "ನಾಳೆ ಅವನ್ ಬತ್ತಾನೆ. ಪಾಸ್‌ಪೋರ್ಟ್ ಇಸ್ಕತೀನಿ," ಅಂದ. ಬರೀ ಪಾಸ್‌ಪೋರ್ಟ್ ಇಸ್ಕೊಂಡರೆ ಸಾಲದು, ನಾಲ್ಕು ಜನರ ಮುಂದೆ ಕೇಳಬೇಕಾದ್ದನ್ನು ಕೇಳಿಯೇ ಕಳಿಸಬೇಕು ಎಂದು ಯಶೋಧರಕ್ಕ ಏನೇನು ಕೇಳಬೇಕೆಂದು ದೊಡ್ಡಪ್ಪನಿಗೆ ಹೇಳಿಕೊಟ್ಟಳು. ಅಲ್ಲೇ ಕೂತು ಸುತ್ತಲಿನ ತಾಲ್ಲೂಕುಗಳ ಲೈಬ್ರರಿಯವರ ವಾಟ್ಸಾಪ್ ಗ್ರೂಪಿಗೂ ಒಂದು ಮೆಸೇಜು ಹಾಕಿದಳು. ಈ ರಘುವಿನ ಮೂಲಕ ನಿಮ್ಮೂರಿಂದ ಯಾರಾದರೂ ಹೋಗಿದ್ದಾರಾ ಅಂತ.

ಬುಧವಾರ ಹತ್ತು ಗಂಟೆಗೆ ರಘು ರಾಜುವನ್ನು ಕರೆದೊಯ್ಯಲು ಬೈಕಿನಲ್ಲಿ ಬಂದ. ಅಂಬೇಡ್ಕರ್ ಭವನದ ಮುಂದೆ ಅರ್ಧ ಊರು ಸೇರಿತ್ತು. ಅವನಿಗೆ ಖುಷಿಯಾಯಿತು, ಬೀಳ್ಕೊಡಲು ಬಂದಿದ್ದಾರೆ ಅಂದುಕೊಂಡ. ಬ್ಯಾಗು ಎಲ್ಲಿ ಎಂದು ಕೇಳಿದ.

ದೊಡ್ಡಪ್ಪ ಮುಂದೆ ಬಂದ. ಸಹಿ ಹಾಕಲು ಬಾರದ ಮನುಷ್ಯ. ಒಂದೊಂದಾಗಿ ಕೇಳಿದ. ನಿನ್ನ ಲೈಸೆನ್ಸ್ ನಂಬರ್ ಎಷ್ಟು? ನನ್ನ ಮಗನ ವೀಸಾ ಕೆಲಸದ್ದೋ, ನೆಂಟರ ಮನೆಗೆ ಹೋಗುವುದೋ? ಕರಾರುಪತ್ರ ಎಲ್ಲಿ? ಧಣಿಯ ಹೆಸರು, ವಿಳಾಸ ಏನು?

ರಘು ನಕ್ಕ. "ಇವೆಲ್ಲಾ ಯಾರ್ ಏಳ್ಕೊಟ್ರು ಚಲುವಯ್ಯ ನಿಂಗೆ? ಈ ಓಡ್ಬಂದವ್ನಾ?"

"ಊ ಕಣಪ್ಪ, ಅವ್ನೇಯ. ಉಳ್ಕಂಡ್ ಬಂದವ್ನೆ, ಅದ್ಕೆ ಏಳಕ್ಕಾಯ್ತು. ನಾ ಕೇಳುದ್ದಕ್ ಏಳು."

ರಾಜು ತನ್ನ ಪಾಸ್‌ಪೋರ್ಟು ಕೊಡು ಅಂದ. ಅದು ಆಫೀಸಿನಲ್ಲಿದೆ ಅಂದ ರಘು. ಒಬ್ಬರ ಪಾಸ್‌ಪೋರ್ಟು ಇನ್ನೊಬ್ಬ ಇಟ್ಟುಕೊಳ್ಳುವ ಹಾಗಿಲ್ಲ, ಈಗಲೇ ನಂಜನಗೂಡಿಗೆ ಹೋಗಿ ಪೊಲೀಸ್ ಕಂಪ್ಲೇಂಟ್ ಕೊಡ್ತೀವಿ ಎಂದಳು ಯಶೋಧರಕ್ಕ. ಆಫೀಸಿನಲ್ಲಿದ್ದ ಪಾಸ್‌ಪೋರ್ಟು ಬೈಕಿನ ಬ್ಯಾಗಿನಿಂದ ಹೊರಗೆ ಬಂತು. ರಾಜು ಅದನ್ನು ಅಂಗಿಯೊಳಗೆ ಇಟ್ಟುಕೊಂಡ. ಮಂಚಮ್ಮ ದೊಡ್ಡವ್ವ ಮಗನ ತೋಳು ಹಿಡಿದವಳು ಬಿಡಲಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೆ, ಅಣ್ಣಂದಿರೆ, ಸಂಘದಲ್ಲಿ ಕೂತು ಕೇಳುತ್ತಿರುವ ಅವ್ವಂದಿರೆ, ಹೋಗಲೇಬೇಡಿ ಎಂದು ನಾನು ಹೇಳುತ್ತಿಲ್ಲ. ರಾಜು ಈಗಲೂ ಅದೇ ಫ್ಯಾಕ್ಟರಿಯಲ್ಲಿ ನಂಬರ್ ಆಗಿದ್ದಾನೆ, ನಾಳೆ ಸರಿಯಾದ ದಾರಿ ಸಿಕ್ಕರೆ ಹೋಗಲಿ. ಆದರೆ ಚಲುವಯ್ಯ ಕೇಳಿದ್ದನ್ನು ಕೇಳದೆ ಯಾರ ಕೈಗೂ ಪಾಸ್‌ಪೋರ್ಟು ಕೊಡಬೇಡಿ. ಏಜೆಂಟನ ಹೆಸರು ಇ-ಮೈಗ್ರೇಟ್‌ನಲ್ಲಿ ಇದೆಯಾ ಎಂದು ಲೈಬ್ರರಿಯಲ್ಲಿ ನೋಡಿಸಿ. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ. ಪಾಸ್‌ಪೋರ್ಟು, ವೀಸಾ, ಕರಾರುಪತ್ರದ ನಕಲು ಮನೆಯಲ್ಲಿ ಒಂದು ಇರಲಿ. ಕೆಲಸದ ಜಾಗದ ಹೆಸರು, ಧಣಿಯ ಹೆಸರು, ಅಲ್ಲಿನ ರಾಯಭಾರ ಕಚೇರಿಯ ನಂಬರು ಗೋಡೆಯ ಮೇಲೆ ಬರೆದಿಡಿ. ಆಪತ್ತು ಬಂದರೆ ಮನೆಯವರೇ ವಿದೇಶಾಂಗ ಇಲಾಖೆಯ ಮದದ್ ವೆಬ್‌ಸೈಟಿನಲ್ಲಿ ದೂರು ಕೊಡಬಹುದು.

ಮಗ ವಿಡಿಯೊ ಕಾಲ್ ಮಾಡಿದಾಗ ಮುಖ ನೋಡಿ ಸುಮ್ಮನಾಗಬೇಡಿ. ಫೋನ್ ಒಂದು ಸುತ್ತು ತಿರುಗಿಸು ಮಗ, ನೀನು ಮಲಗುವ ಜಾಗ ತೋರಿಸು ಅನ್ನಿ. ನಿನ್ನ ಜೊತೆ ಯಾರಿದ್ದಾರೆ ಅನ್ನಿ. ಅವನು ನಕ್ಕರೆ ನಂಬಬೇಡಿ, ಇನ್ನೊಂದು ಸಲ ಕೇಳಿ. ವಾಪಸ್ ಬಂದವನನ್ನು ಓಡಿ ಬಂದವನು ಅನ್ನಬೇಡಿ. ಅವನು ಬಾಯಿ ಬಿಟ್ಟರೆ ಇನ್ನೊಬ್ಬ ಉಳಿಯುತ್ತಾನೆ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಆ ದಿನ ಅಲ್ಲಿಗೆ ಮುಗಿಯಲಿಲ್ಲ.

ರಘು ಬೈಕಿನ ಕಡೆ ತಿರುಗಿದ್ದ. ಜನರ ಹಿಂದಿನಿಂದ ಒಬ್ಬಳು ಹೆಂಗಸು ದಾರಿ ಮಾಡಿಕೊಂಡು ಬಂದಳು. ನಮ್ಮೂರಿನವಳಲ್ಲ. ಯಶೋಧರಕ್ಕನ ಮೆಸೇಜು ಅವರೂರಿನ ಲೈಬ್ರರಿಗೆ ತಲುಪಿ, ಬೆಳಗಿನ ಮೊದಲ ಬಸ್ಸಿಗೆ ಸೋಮನಾಥಪುರದ ಕಡೆಯಿಂದ ಹೊರಟು ಬಂದವಳು. ಹೆಸರು ವಿಶಾಲಮ್ಮ. ಅವಳ ಮಗನನ್ನು ರಘು ಕಳಿಸಿ ಐದು ತಿಂಗಳಾಗಿತ್ತು. ಇಪ್ಪತ್ತೆರಡು ದಿನದಿಂದ ಅವನ ಫೋನು ಸ್ವಿಚ್ ಆಫ್. ಟಿ. ನರಸೀಪುರದ ಆಫೀಸಿಗೆ ನಾಲ್ಕು ಸಲ ಹೋಗಿ ಬಾಗಿಲು ನೋಡಿ ಬಂದಿದ್ದಳಂತೆ.

ಅವಳು ಬೈಯಲಿಲ್ಲ, ಅಳಲಿಲ್ಲ. ಬೈಕಿನ ಹ್ಯಾಂಡಲ್ ಮೇಲೆ ಒಂದು ಕೈ ಇಟ್ಟಳು.

"ನಾನ್ ಬೇರೆ ಏನೂ ಕೇಳಲ್ಲ ಕಣಪ್ಪ. ನನ್ ಮಗ ಇರೋ ಊರಿನ್ ಎಸ್ರು ಒಂದ್ ಏಳ್ಬುಡು."

ರಘು ಅವಳ ಮುಖ ನೋಡಿದ, ನಮ್ಮನ್ನು ನೋಡಿದ. ಬೈಕನ್ನು ಅಲ್ಲೇ ಬಿಟ್ಟು, ಬಸ್ ಸ್ಟಾಪಿನ ಕಡೆ ನಡೆದು ಹೋದ.